ಮಾಲ್ಗುಡಿ ಡೇಸ್ ಚೆನ್ನಾಗಿತ್ತಾ, ನಮ್ಮ ವಯಸ್ಸು ಚೆನ್ನಾಗಿತ್ತಾ?

ಮಲೆನಾಡ ಮಳೆ:
ನಿನ್ನೆ ಮಗಳನ್ನ ಪಕ್ಕ ಕೂರಿಸ್ಕೊಂಡು 'ಮಾಲ್ಗುಡಿ ಡೇಸ್' ಹಾಕಿದೆ. ಎಲ್. ವೈದ್ಯನಾಥನ್ ಅವರ ಆ ಟ್ಯೂನ್ ಶುರುವಾಗಿ, ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳು ಬರ್ತಿದ್ದ ಹಾಗೇ ನನಗೆ ಮೈ ಜುಮ್ಮೆಂದಿತು. ಅವಳು ಹತ್ತೇ ನಿಮಿಷಕ್ಕೆ "ಏನೂ ಆಗ್ತಾನೇ ಇಲ್ವಲ್ಲಪ್ಪಾ" ಅಂತ ಎದ್ದು ಹೋದಳು. ತುಂಬ ಬೇಜಾರಾಯ್ತು.

1987ರಲ್ಲಿ ನಾನು ಐದನೇ ಕ್ಲಾಸು. ಕೊಪ್ಪದ ಹತ್ತಿರ ನಮ್ಮ ಮನೆ ಇದ್ದದ್ದು ತಗ್ಗಿನಲ್ಲಿ. ಸೂರಿನ ಮೇಲೆ ಆಂಟೆನಾ ಹಾಕಿದರೆ ಬರೀ ಚುಕ್ಕಿ, ಬರೀ ಸದ್ದು. ಅಪ್ಪ ಹಿಂದಿನ ಗುಡ್ಡದ ನೆತ್ತಿಯಲ್ಲಿ ಅಡಿಕೆ ಮರದ ಕಂಬ ನೆಟ್ಟು, ತೋಟದ ಮೇಲಿಂದ ವೈರ್ ಎಳೆದಿದ್ದರು. ಗಾಳಿಗೆ ತಿರುಗಿತು ಅಂದ್ರೆ ನಾನು ಗುಡ್ಡ ಹತ್ತಬೇಕು. ಅಣ್ಣ ಅರ್ಧ ದಾರೀಲಿ, ಅಮ್ಮ ಜಗಲೀಲಿ. "ಬಂತಾ?" "ಬರ್ಲಿಲ್ಲ, ಇನ್ನೊಂಚೂರು ತಿರುಗ್ಸು." ಕೂಗು ಅಣ್ಣನ ಬಾಯಿ ದಾಟಿ ನನಗೆ ಮುಟ್ಟೋ ಹೊತ್ತಿಗೆ ಸ್ವಾಮಿಯ ಶಾಲೆ ಬಿಟ್ಟು ಹೋಗಿರ್ತಿತ್ತು.

ಆಗಿನವರ ಕೆಲಸದಲ್ಲಿ ಶ್ರದ್ಧೆ ಇತ್ತು. ಈಗಿನ ಧಾರಾವಾಹಿಗಳಲ್ಲಿ ನನಗದು ಕಾಣ್ತಿಲ್ಲ. ತಪ್ಪಿದ್ರೆ ಹೇಳಿ.

ಹೊಸ ಚಿಗುರು:
ಸರ್, ನಾನು 1996ರಲ್ಲಿ ಹುಟ್ಟಿದವಳು. ನನ್ನ ಮೈ ಜುಮ್ಮೆನ್ನಿಸೋದು ಈಟಿವಿ ಕನ್ನಡದ 'ಎದೆ ತುಂಬಿ ಹಾಡುವೆನು'. ಹಾಡಿದ ಮಗುವನ್ನ ಎಸ್‌ಪಿಬಿ ತಿದ್ದುತ್ತಿದ್ದ ರೀತಿ ನೆನಪಾದರೆ ಈಗಲೂ ಕಣ್ಣು ತುಂಬುತ್ತೆ. ನನ್ನ ಅಜ್ಜಿಗೆ ಅದೆಲ್ಲ ಗದ್ದಲ. ಅವರಿಗೆ ಆಕಾಶವಾಣಿಯೇ ಸಂಗೀತ. ಹತ್ತರಿಂದ ಮೂವತ್ತರವರೆಗಿನ ನೆನಪುಗಳೇ ಮನುಷ್ಯನಲ್ಲಿ ಹೆಚ್ಚು ದಟ್ಟವಾಗಿ ಉಳಿಯುತ್ತವೆ ಅಂತ ಮನಶ್ಶಾಸ್ತ್ರದವರು ಕಂಡುಕೊಂಡಿದ್ದಾರೆ. ಎಲ್ಲರಿಗೂ ಅವರವರ ಹದಿನೈದೇ ಸುವರ್ಣಕಾಲ.

ಇನ್ನೊಂದು ಮಾತು. 1987ರಲ್ಲಿ ದೂರದರ್ಶನದಲ್ಲಿ ಬಂದದ್ದೆಲ್ಲ ಮಾಲ್ಗುಡಿ ಡೇಸ್ ಆಗಿತ್ತಾ? ನೀರಸವಾದದ್ದು ಮರೆತುಹೋಗಿದೆ, ಒಳ್ಳೆಯದೊಂದು ಉಳಿದಿದೆ. ಅವತ್ತಿನ ಅತ್ಯುತ್ತಮದ ಪಕ್ಕ ಇವತ್ತಿನ ಸಾಧಾರಣವನ್ನ ಇಟ್ಟು ತೂಗೋದು ನ್ಯಾಯ ಅಲ್ಲ.

ಕಡಲ ಗಾಳಿ:
ತೂಗುವುದು ಬೇಡ ಮಾರಾಯ್ರೆ, ಆದ್ರೆ ಒಂದು ವ್ಯತ್ಯಾಸ ಉಂಟು. ಸದಾನಂದ ಸುವರ್ಣರ 'ಗುಡ್ಡದ ಭೂತ' ಬರುವಾಗ ನಮ್ಮ ಊರಿನ ಮನೆ, ನಮ್ಮ ಊರಿನ ಮಾತು ಟಿವಿಯಲ್ಲಿ ಕಂಡದ್ದು ನನಗೆ ಅದೇ ಮೊದಲು. ಆ ತುಳು ಹಾಡು ಕೇಳಿದ ರಾತ್ರಿ ನಾನು ಹಟ್ಟಿಯ ಕಡೆ ಒಬ್ಬನೇ ಹೋಗ್ಲಿಲ್ಲ. ಅದು ಕೆಲವೇ ಕಂತುಗಳಲ್ಲಿ ಮುಗಿಯಿತು. ಕಥೆ ಮುಗಿದ ಕೂಡಲೇ ನಿಲ್ಲಿಸಿದ್ರು ನೋಡಿ, ನನಗೆ ಅದೇ ದೊಡ್ಡದು. ಈಗ ಕಥೆ ಮುಗಿದ ಮೇಲೂ ಧಾರಾವಾಹಿ ವರ್ಷಗಟ್ಟಲೆ ಓಡ್ತದೆ, ಯಾಕಂದ್ರೆ ಜಾಹೀರಾತು ಬರ್ತಾ ಉಂಟು. ಇದಕ್ಕೆ ನನ್ನ ವಯಸ್ಸು ಕಾರಣ ಅಲ್ಲ.

ಕಿಟಕಿಯಾಚೆ:
ಇಲ್ಲಿ ಎಲ್ಲರೂ ಮನೆಯೊಳಗೆ ಕೂತು ನೋಡಿದವರೇ ಬರೆದಿದ್ದೀರಿ, ಹೊರಗಿಂದ ನೋಡಿದವಳು ನಾನು. ನಮ್ಮ ಬೀದಿಗೆಲ್ಲ ಒಂದೇ ಟಿವಿ. 1987-88ರಲ್ಲಿ ಭಾನುವಾರ ಬೆಳಿಗ್ಗೆ ಹಿಂದಿ 'ರಾಮಾಯಣ'. ಆ ಮನೆಯ ನೆಂಟರಿಷ್ಟರು ಚಾಪೆ ಮೇಲೆ, ಬೀದಿಯ ಬೇರೆ ಮಕ್ಕಳು ಹೊಸ್ತಿಲ ಬಳಿ, ನಾವು ಮೂರು ಜನ ಕಿಟಕಿಯ ಸರಳು ಹಿಡಿದು ಹೊರಗೆ. ಮುಂದೆ ಯಾರಾದರೂ ಎದ್ದು ನಿಂತರೆ ರಾಮನೂ ಇಲ್ಲ, ಸೀತೆಯೂ ಇಲ್ಲ. ಕೈಗೆ ಸರಳಿನ ತುಕ್ಕು ಹತ್ತಿರ್ತಿತ್ತು. "ಊರೆಲ್ಲ ಒಟ್ಟಿಗೆ ಕೂತು ನೋಡ್ತಿದ್ವಿ" ಅಂತ ಯಾರಾದರೂ ಹೇಳಿದಾಗ ನನಗೆ ಆ ತುಕ್ಕಿನ ವಾಸನೆ ಬರುತ್ತೆ.

ಆದರೂ ಆ ಧಾರಾವಾಹಿಯ ಹಾಡುಗಳನ್ನ ಪ್ರೀತಿಸ್ತೀನಿ. ಎರಡೂ ನಿಜ.

ಮತ್ತೆ ಮಾಲ್ಗುಡಿ ಬಗ್ಗೆ: ಆಗುಂಬೆಯಲ್ಲಿ ನಮ್ಮ ಶಂಕರ್ ನಾಗ್ ತೆಗೆದದ್ದು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ಅಷ್ಟಾಗಿ ನಾವು ಕೇಳಿದ್ದು ಹಿಂದಿ. ನನಗೊಂದು ಅಕ್ಷರ ಅರ್ಥವಾಗ್ತಿರಲಿಲ್ಲ. ಅದು ಕನ್ನಡಕ್ಕೆ ಡಬ್ ಆಗಿ ಜೀ ಕನ್ನಡದಲ್ಲಿ ಬಂದದ್ದು 2020ರ ಲಾಕ್‌ಡೌನ್ ಹೊತ್ತಲ್ಲಿ. ಸ್ವಾಮಿ ಏನಂತಾನೆ ಅಂತ ತಿಳಿಯೋಕೆ ಮೂವತ್ತು ವರ್ಷದ ಮೇಲೆ ಕಾದೆ.

ಶಿಗ್ಗಾಂವಿಯಾಂವ:
ಅಕ್ಕಾರ ಮಾತು ಖರೇ ಐತ್ರಿ. ನಂದೂ ಒಂದು ಕೇಳ್ರಿ. ಕ್ಯಾಸೆಟ್ ಕಾಲ ಭಾರೀ ಇತ್ತು ಅಂತ ಎಲ್ಲಾರೂ ಅಂತಾರ. 1978ರಾಗ ನಿಸಾರ್ ಅಹಮದರ ಕವಿತಾಕ್ಕ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಬಂತು, ಭಾವಗೀತೆ ಮನಿಮನಿಗೆ ಮುಟ್ಟಿತು. ಒಪ್ಪತೇನಿ. ಆಮ್ಯಾಲ ಸಿ. ಅಶ್ವಥ್ ಅವರು ಶರೀಫಜ್ಜನ ಪದಾ ಹಾಡಿದರು. ಆ ದನಿ ಕೇಳಿದರ ಎಂಥಾಂವನೂ ನಿಂತ ಬಿಡತಾನ.

ಆದರ ನಮ್ಮದು ಶಿಶುನಾಳದ ಸೀಮಿ. ಇಲ್ಲಿ ಕ್ಯಾಸೆಟ್ ಬರೂಕಿಂತ ಎಷ್ಟೋ ಮೊದಲಿಂದ ಶರೀಫರ ಪದಾ ಭಜನಿ ಮ್ಯಾಳದಾಗ ಹಾಡತಿದ್ದರು, ಏಕತಾರಿ, ದಮ್ಮಡಿ, ತಾಳ ಹಿಡದು. 'ಕೋಡಗನ್ನ ಕೋಳಿ ನುಂಗಿತ್ತಾ' ನಮ್ಮ ಕಾಕಾ ಹಾಡೂ ಧಾಟಿ ಬ್ಯಾರೇನ ಇತ್ತು, ಸಾವಕಾಶ, ಒಂದೊಂದ ಸಾಲಿಗೆ ನಿಂತು ಅರ್ಥಾ ಹೇಳಿ ಮುಂದ ಹೋಗತಿದ್ದ. ಕ್ಯಾಸೆಟ್ ಬಂದ ಮ್ಯಾಲ ಹುಡುಗರು "ಕಾಕಾ, ನೀ ತಪ್ಪ ಹಾಡಾಕತ್ತೀ" ಅನ್ನೂಕ ಸುರು ಮಾಡಿದರು. ಎರಡು ವರ್ಷ ತಡಕೊಂಡ, ಆಮ್ಯಾಲ ಹಾಡೋದ ಬಿಟ್ಟ. ಅಶ್ವಥರದು ಏನೂ ತಪ್ಪಿಲ್ಲರಿ. ನಿಮ್ಮ ಸವಿನೆನಪಿನ ಕ್ಯಾಸೆಟ್ಟಿನ ಕೆಳಗ ನಮ್ಮ ಕಾಕಾನ ದನಿ ಮುಚ್ಚಿಹೋಗೈತಿ, ಅಷ್ಟ.

ಮಲೆನಾಡ ಮಳೆ:
ಎರಡು ಸಲ ಓದಿದೆ ಇದನ್ನ. ಕಿಟಕಿಯಾಚೆ ಅವರೇ, ನಮ್ಮ ಜಗಲಿಯ ಹೊರಗೂ ಯಾರೋ ನಿಂತಿರ್ತಿದ್ದರು. ನಾನು ಗುಡ್ಡದ ಕಥೆ ನೂರು ಸಲ ಹೇಳಿದ್ದೀನಿ, ಅವರ ಮುಖ ಒಂದು ಸಲವೂ ನೆನಪಾಗಿರಲಿಲ್ಲ. ಇವತ್ತು ಆಯ್ತು. ತೋಟದ ಕೆಲಸಕ್ಕೆ ಬರ್ತಿದ್ದವರ ಮಗ, ನನ್ನದೇ ಕ್ಲಾಸು. ಗಾಳಿಮಳೆಯಲ್ಲಿ ನನ್ನ ಬದಲು ಅವನೂ ಎಷ್ಟೋ ಸಲ ಗುಡ್ಡ ಹತ್ತಿದ್ದ.

ಚಿಗುರು ಅವರೇ, ವಯಸ್ಸಿನ ಮಾತು ಒಪ್ಪಿದೆ. ಆದರೆ ಆ ಟ್ಯೂನ್ ಒಳ್ಳೆಯದಲ್ಲ ಅಂತ ಮಾತ್ರ ಒಪ್ಪಲ್ಲ.

ಹೊಸ ಚಿಗುರು:
ಅದನ್ನ ನಾನೂ ಹೇಳಿಲ್ಲ ಸರ್! ಮಗಳಿಗೆ ಆ ಗುಡ್ಡದ ಕಥೆ ಹೇಳಿ, ಆಮೇಲೆ ಹಾಕಿ ನೋಡಿ.

ಶಿಗ್ಗಾಂವಿ ಅಣ್ಣ, ಕಾಕಾ ಹಾಡಿದ್ದು ಎಲ್ಲಾದರೂ ರೆಕಾರ್ಡ್ ಆಗಿದೆಯಾ?

ಶಿಗ್ಗಾಂವಿಯಾಂವ:
ಒಂದ ಐತ್ರಿ. 1991ರ ಶ್ರಾವಣದಾಗ ಮಠದಾಗ ಹಾಡಿದ್ದು, ನಮ್ಮ ಅಣ್ಣ ಟೇಪ್‌ರೆಕಾರ್ಡರ್ ಮುಂದ ಇಟ್ಟು ಹಿಡದಿದ್ದ. 60 ನಿಮಿಷದ ಕ್ಯಾಸೆಟ್ಟು. ಈಗ ರೀಲಿನ ಮ್ಯಾಲ ಬೆಳ್ಳಗ ಬೂಷ್ಟ ಹಿಡದೈತಿ. ಹಾಕಾಕ ಅಂಜಿಕಿ.

ಕಡಲ ಗಾಳಿ:
ದಯವಿಟ್ಟು ಹಾಗೇ ಹಾಕ್ಬೇಡಿ. ಬೂಷ್ಟು ಹೆಡ್ಡಿಗೆ ಅಂಟ್ತದೆ, ಎಳೆದ್ರೆ ರೀಲು ಹರೀತದೆ. ನಾನು ಮಂಗಳೂರಲ್ಲಿ ಹತ್ತು ವರ್ಷ ಇದೇ ರಿಪೇರಿ ಮಾಡಿದವ. ಮೊದಲು ಹಿಂದಿನ ಅಂಚಿನ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲು ಮುರೀರಿ, ಯಾರೂ ತಪ್ಪಿ ಅದರ ಮೇಲೆ ರೆಕಾರ್ಡ್ ಮಾಡ್ಲಿಕ್ಕೆ ಆಗ್ಬಾರ್ದು. ಮೂಲೆಯ ಸ್ಕ್ರೂ ಬಿಚ್ಚಿದ್ರೆ ರೀಲು ಹೊರಗೆ ಬರ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಬೇರೆ ಒಳ್ಳೆಯ ಕವಚಕ್ಕೆ ಹಾಕ್ಬೇಕು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಪುಡಿ ಎದೆಗೆ ಒಳ್ಳೇದಲ್ಲ. ಧೈರ್ಯ ಸಾಲದಿದ್ರೆ ನನಗೆ ಕಳಿಸಿ, ದುಡ್ಡು ಬೇಡ.

ಶಿಗ್ಗಾಂವಿಯಾಂವ:
ಕಳಸೂದಿಲ್ಲರಿ, ನಾನ ತಗೊಂಡ ಬರತೇನಿ. ಪೋಸ್ಟಿಗೆ ಹಾಕಾಕ ಮನಸ ಬರವಲ್ಲದು. ಬಿ ಸೈಡಿಂದ ಸುರು ಮಾಡೂಣು, ಕೋಡಗನ ಪದಾ ಅದರಾಗ ಐತಿ.