‘ದಿ ಡೀಪ್’ ಪೂರ್ತಿ ನಿಜವಂತೆ! – ಎಸ್ಸೆಸ್ಸೆಲ್ಸಿ 81 ಗುಂಪಿನ ಭಾನುವಾರದ ಜಗಳ

ಗಿರೀಶ: (ವಿಡಿಯೋ) 1977ರ ‘ದಿ ಡೀಪ್’. ಮುಳುಗಿದ ಹಡಗು, ನಿಧಿ ಬೇಟೆ. ಗ್ರಾಫಿಕ್ಸ್ ಇಲ್ಲ, ಸೆಟ್ ಇಲ್ಲ, ಪೂರ್ತಿ ಸಮುದ್ರದ ತಳದಲ್ಲೇ ಶೂಟಿಂಗ್. ಪ್ರತಿ ದೃಶ್ಯವೂ ನಿಜ!! ಎಲ್ಲರಿಗೂ ಕಳಿಸಿ 🙏

ರಫೀಕ್: ಗಿರಿ, ಸಿನಿಮಾ ಒಳ್ಳೇದೇ. ನೀನು ಹಾಕಿರೋ ಒಕ್ಕಣೆ ಅರ್ಧ ಸುಳ್ಳು.

ಗಿರೀಶ: ಯಾವ ಅರ್ಧ?

ರಫೀಕ್: ‘ಸೆಟ್ ಇಲ್ಲ’ ಅನ್ನೋದು. ಹೊರಗಿಂದ ಕಾಣೋ ಹಡಗು ನಿಜದ್ದೇ. ಆರ್‌ಎಂಎಸ್ ರೋನ್, ಬ್ರಿಟಿಷ್ ಅಂಚೆ ಹಡಗು. 1867ರ ಅಕ್ಟೋಬರ್ 29ರ ಚಂಡಮಾರುತಕ್ಕೆ ಬ್ರಿಟಿಷ್ ವರ್ಜಿನ್ ದ್ವೀಪಗಳ ಸಾಲ್ಟ್ ಐಲೆಂಡ್ ಹತ್ತಿರ ಬಂಡೆಗೆ ಬಡಿದು ಎರಡು ತುಂಡಾಯ್ತು. ಮುಂಭಾಗ 80 ಅಡಿಯಲ್ಲಿ, ಹಿಂಭಾಗ ಇನ್ನೂ ಮೇಲೆ. ಆದರೆ ಹಡಗಿನ ಒಳಗಿನ ದೃಶ್ಯಗಳಿಗೆ ಬರ್ಮುಡಾದಲ್ಲಿ ಟ್ಯಾಂಕ್ ಕಟ್ಟಿ, ಸುಮಾರು 10 ಲಕ್ಷ ಗ್ಯಾಲನ್ ಸಮುದ್ರದ ನೀರು ತುಂಬಿ, ಒಳಗೆ ಹಡಗಿನ ಸೆಟ್ಟೇ ಹಾಕಿದ್ರು. ಆ ದೈತ್ಯ ಹಾವುಮೀನು ಯಂತ್ರ.

ವೆಂಕಟೇಶ: 10 ಲಕ್ಷ ಗ್ಯಾಲನ್ ಅಂದ್ರೆ 38 ಲಕ್ಷ ಲೀಟರ್. ನಮ್ಮ ನೀರಿನ ಟ್ಯಾಂಕರ್ ಲೆಕ್ಕದಲ್ಲಿ ಆರು ಸಾವಿರ ಲೀಟರಿನವು 630 ಲೋಡು.

ಪದ್ಮ: ವೆಂಕಿ ಎಲ್ಲಿ ಹೋದ್ರೂ ಟ್ಯಾಂಕರ್ ತರ್ತಾನೆ 😂

ಗಿರೀಶ: ಸೆಟ್ ಯಾಕೆ ಬೇಕಿತ್ತು? ನಟರೇ ಡೈವಿಂಗ್ ಕಲ್ತು ಇಳಿದಿದ್ರು ಅಂತ ಓದಿದ್ದೀನಿ.

ರಫೀಕ್: ಅದು ನಿಜ. ಜಾಕ್ವೆಲಿನ್ ಬಿಸೆಟ್, ನಿಕ್ ನೋಲ್ಟಿ, ರಾಬರ್ಟ್ ಶಾ ಮೂವರೂ ಇಳಿದ್ರು. ಕ್ಯಾಮೆರಾ ಆಲ್ ಗಿಡಿಂಗ್ಸ್, ಸ್ಟ್ಯಾನ್ ವಾಟರ್‌ಮನ್ ಅವರದ್ದು, ಇಬ್ಬರೂ ಆ ಕಾಲದ ಪಳಗಿದ ಕೈಗಳು. ಆದರೆ ಲೆಕ್ಕ ಹಾಕು. ಒಂದು ಅಲ್ಯೂಮಿನಿಯಂ ಸಿಲಿಂಡರ್ 11.1 ಲೀಟರ್, 207 ಬಾರ್ (ಒಂದು ಬಾರ್ ಅಂದ್ರೆ ಹೆಚ್ಚುಕಮ್ಮಿ ಮೇಲಿನ ಗಾಳಿಯ ಒತ್ತಡದಷ್ಟು), ಅಂದ್ರೆ ಸುಮಾರು 2,300 ಲೀಟರ್ ಗಾಳಿ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡೋನು 80 ಅಡಿ, ಅಂದ್ರೆ 24 ಮೀಟರ್ ಆಳದಲ್ಲಿ 3.4 ಪಟ್ಟು ಒತ್ತಡಕ್ಕೆ 68 ಲೀಟರ್ ಎಳೀತಾನೆ. ಆಪತ್ತಿಗೆ ಅಂತ 50 ಬಾರ್ ಬದಿಗಿಟ್ರೆ ಉಳಿಯೋದು 25 ನಿಮಿಷ. ಅದ್ರಲ್ಲಿ ಇಳಿಯೋದು, ಏರೋದು, ದೀಪ ಸರಿಮಾಡೋದು ಕಳೆದ್ರೆ ಒಂದು ಡೈವ್‌ಗೆ ಒಂದೆರಡು ಟೇಕ್. ಎರಡನೇ ಡೈವ್ ಇನ್ನೂ ಚಿಕ್ಕದು, ಯಾಕಂದ್ರೆ ಮೊದಲನೆಯದರಲ್ಲಿ ಉಸಿರಿನ ಗಾಳಿಯಿಂದ ಮೈಗೆ ಕರಗಿದ ನೈಟ್ರೋಜನ್ ಇನ್ನೂ ಇರುತ್ತೆ. ಹಳೇ ಅಮೆರಿಕನ್ ನೌಕಾದಳದ ಕೋಷ್ಟಕದಲ್ಲಿ 80 ಅಡಿಯಲ್ಲಿ 40 ನಿಮಿಷ ಮಿತಿ, ಅದಕ್ಕಿಂತ ಹೆಚ್ಚು ಇದ್ರೆ ನಡುವೆ ನಿಂತು ನಿಂತು ಮೇಲೆ ಬರಬೇಕು, ಅದೂ ದಿನದ ಮೊದಲ ಡೈವ್‌ಗೆ. ಟ್ಯಾಂಕಿನಲ್ಲಿ ಈ ತಾಪತ್ರಯ ತುಂಬಾ ಕಡಿಮೆ.

ಗಿರೀಶ: ಸರಿ, ಟ್ಯಾಂಕ್ ಒಪ್ಪಿದೆ. ಆದರೆ ಮರಳು ಹೀರೋ ಆ ಪೈಪು? ಅದು ಸಿನಿಮಾದವರು ಮಾಡ್ಕೊಂಡಿದ್ದು ತಾನೇ? ನೀರಡಿ ವ್ಯಾಕ್ಯೂಮ್ ಕ್ಲೀನರ್!

ವೆಂಕಟೇಶ: ಅಲ್ಲ ಕಣೋ, ಅದೇ ಆ ಸಿನಿಮಾದಲ್ಲಿ ಅತ್ಯಂತ ನಿಜವಾದ ವಸ್ತು. ಏರ್‌ಲಿಫ್ಟ್. ಕೊಳವೆಬಾವಿಗೆ ಕಂಪ್ರೆಸರ್ ಪಂಪ್ ಹಾಕ್ತೀವಲ್ಲ, ಅದೇ ತತ್ವ. ಪೈಪಿನ ಕೆಳತುದಿಯಲ್ಲಿ ಗಾಳಿ ಬಿಡು, ಒಳಗಿನ ನೀರು ಗಾಳಿಗುಳ್ಳೆ ಸೇರಿ ಹಗುರ ಆಗುತ್ತೆ, ಹೊರಗಿನ ಭಾರದ ನೀರು ಅದನ್ನ ಮೇಲಕ್ಕೆ ತಳ್ಳುತ್ತೆ, ಜೊತೆಗೆ ಮರಳೂ ಹೋಗುತ್ತೆ. ಒಳಗೆ ಫ್ಯಾನ್ ಇಲ್ಲ, ಇಂಪೆಲ್ಲರ್ ಇಲ್ಲ, ಸವೆಯೋ ಭಾಗವೇ ಇಲ್ಲ.

ಪದ್ಮ: ಹಾಗಾದ್ರೆ ಯಾವ ಆಳದಲ್ಲಾದ್ರೂ ನಡೆಯುತ್ತಾ?

ವೆಂಕಟೇಶ: ಇಲ್ಲ. ಆಳ ಬೇಕು. 24 ಮೀಟರಲ್ಲಿ ಬಿಟ್ಟ ಒಂದು ಲೀಟರ್ ಗಾಳಿ ಮೇಲ್ಮೈಗೆ ಬರೋ ಹೊತ್ತಿಗೆ 3.4 ಲೀಟರ್ ಆಗುತ್ತೆ. 5 ಮೀಟರಲ್ಲಿ ಬಿಟ್ರೆ 1.5 ಲೀಟರ್ ಅಷ್ಟೇ, ಎತ್ತೋ ಶಕ್ತಿ ಸಪ್ಪೆ. ಬಾವಿಯಲ್ಲಿ ನೀರಿನ ಮಟ್ಟ ಇಳಿದಾಗ ಕಂಪ್ರೆಸರ್ ಪಂಪ್ ನೀರಿನ ಬದಲು ಬರೀ ಗಾಳಿ ಉಗುಳುತ್ತಲ್ಲ, ಅದೇ ಕತೆ.

ಇನ್ನು ಅಪಾಯ. 4 ಇಂಚು ಪಿವಿಸಿ, 6 ಮೀಟರ್ ಉದ್ದ ಅನ್ಕೋ. ಒಳಗಿನ ಜಾಗ 47 ಲೀಟರ್. ಕಲ್ಲೋ ಹವಳವೋ ಬಾಯಿಗೆ ಸಿಕ್ಕಿ ನೀರು ನಿಂತ್ರೆ ಪೈಪ್ ತುಂಬಾ ಗಾಳಿ. ಆಗ ಅದು 47 ಕೆಜಿ ಎತ್ತೋ ಬಲೂನು! ಹಿಡಿದೋನನ್ನೂ ಎಳ್ಕೊಂಡು ಮೇಲೆ ಹಾರುತ್ತೆ. ಅದಕ್ಕೇ ಕೆಳತುದಿಗೆ ಸೀಸದ ತೂಕ ಕಟ್ಟಬೇಕು, ಗಾಳಿ ಬಂದ್ ಮಾಡೋಕೆ ಕಾಲು ಸುತ್ತಿನ ಬಾಲ್ ವಾಲ್ವ್ ಕೈಗೆಟುಕೋ ಕಡೆ ಇರಬೇಕು.

ರಫೀಕ್: ಅಷ್ಟು ಬೇಗ ಮೇಲೆ ಹೋದಾಗ ಉಸಿರು ಬಿಗಿ ಹಿಡಿದ್ರೆ ಶ್ವಾಸಕೋಶ ಹರಿಯುತ್ತೆ. ಬರೀ ಗಾಬರಿಯ ವಿಷಯ ಅಲ್ಲ. ಇನ್ನೊಂದು: ಪೈಪಿನ ಬಾಯಿನ ತಳಕ್ಕೆ ಚುಚ್ಚಬಾರದು. 15–20 ಸೆಂಟಿಮೀಟರ್ ಮೇಲೆ ಹಿಡಿದು, ಇನ್ನೊಂದು ಕೈಯಲ್ಲಿ ಮರಳನ್ನ ಬೀಸಿ ಬಾಯಿಗೆ ಕೊಡಬೇಕು. ಚುಚ್ಚಿದ್ರೆ ಮರಳಿನ ಜೊತೆ ನಾಣ್ಯವೂ ಹೋಗುತ್ತೆ, ಆಮೇಲೆ ಮೇಲಿನ ತುದಿಗೆ ಕಟ್ಟಿದ ಜರಡಿಯಲ್ಲಿ ಹುಡುಕ್ತಾ ಕೂತ್ಕೋ.

ಮಂಜುಳಾ: ಆ ಪೈಪಿನ ಗಾಳಿ, ಡೈವರ್ ಉಸಿರಾಡೋ ಗಾಳಿ ಎರಡೂ ಒಂದೇ ಕಂಪ್ರೆಸರಿಂದ ಕೊಡಬಹುದಾ?

ವೆಂಕಟೇಶ: ಗ್ಯಾರೇಜಿನ ಕಂಪ್ರೆಸರಿಂದ ಕೊಟ್ರೆ ಕೊಲೆ! ಎಣ್ಣೆಯ ಆವಿ ಬರುತ್ತೆ. ಪೆಟ್ರೋಲ್ ಎಂಜಿನ್‌ದಾದ್ರೆ ಅದರ ಹೊಗೆಯನ್ನೇ ಅದು ಎಳ್ಕೊಳ್ಳುತ್ತೆ, ಇಂಗಾಲದ ಮಾನಾಕ್ಸೈಡು. ಮೇಲೆ ತಲೆನೋವು ತರಿಸೋ ಪ್ರಮಾಣ ಆಳದಲ್ಲಿ ಒತ್ತಡಕ್ಕೆ ತಕ್ಕಂತೆ ಮೂರ್ನಾಲ್ಕು ಪಟ್ಟು ಏಟು ಕೊಡುತ್ತೆ. ಉಸಿರಿಗೆ ಎಣ್ಣೆರಹಿತ ಕಂಪ್ರೆಸರ್ ಬೇಕು, ಗಾಳಿ ಎಳೆಯೋ ಬಾಯಿ ಎಂಜಿನ್ ಹೊಗೆಗಿಂತ ಗಾಳಿ ಬರೋ ದಿಕ್ಕಿನಲ್ಲಿ, ಎತ್ತರದಲ್ಲಿ ಇರಬೇಕು. ದೋಣಿ ತಿರುಗಿದಾಗಲೆಲ್ಲ ಅದನ್ನ ನೋಡ್ಕೋಬೇಕು.

ರಫೀಕ್: ಮುಖಗವಸಿನ ಹತ್ರ ನಾನ್ ರಿಟರ್ನ್ ವಾಲ್ವ್ ಮರೀಬೇಡ. ಕಂಪ್ರೆಸರಿಂದ ಡೈವರ್‌ಗೆ ಬರೋ ಗಾಳಿಕೊಳವೆ ಮೇಲೆ ಹರಿದ್ರೆ ಗಾಳಿ ಹಿಂದಕ್ಕೆ ಸೇದುತ್ತೆ, ಜೊತೆಗೆ ಡೈವರ್‌ನನ್ನೂ.

ಪದ್ಮ: ರಾಜ್‌ಕುಮಾರ್ ಅವರ ‘ಒಂದು ಮುತ್ತಿನ ಕಥೆ’ಯಲ್ಲೂ ನೀರೊಳಗಿನ ದೃಶ್ಯ ಇತ್ತಲ್ವಾ?

ಗಿರೀಶ: ಅದು ಮುತ್ತು, ಇದು ನಿಧಿ. ವಿಷಯ ತಪ್ಪಿಸಬೇಡ ಪದ್ಮ. ನನ್ನ ಮುಖ್ಯ ಪ್ರಶ್ನೆ ಬೇರೆ. ಸಿನಿಮಾದಲ್ಲಿ ಸಿಗೋ ಮಾರ್ಫಿನ್ ತುಂಬಿದ ಗಾಜಿನ ಆಂಪೂಲು (ಚುಚ್ಚುಮದ್ದಿನ ಪುಟ್ಟ ಗಾಜಿನ ಕೊಳವೆ) ಮೂವತ್ತು ವರ್ಷ ಸಮುದ್ರದಲ್ಲಿ ಒಡೆಯದೆ ಇರುತ್ತಾ? ಅದಂತೂ ಬೊಗಳೆ, ನಾನೇ ಹೇಳ್ತೀನಿ.

ಮಂಜುಳಾ: ಅಯ್ಯೋ, ಅದೊಂದು ನಿಜ ಕಣೋ! ಬರ್ಮುಡಾ ಹತ್ತಿರ 1943ರಲ್ಲಿ ‘ಕಾನ್ಸ್‌ಟೆಲೇಷನ್’ ಅನ್ನೋ ನಾಲ್ಕು ಪಟಸ್ತಂಭದ ಮರದ ಹಡಗು ಮುಳುಗ್ತು. ಸರಕಿನಲ್ಲಿ ಸಿಮೆಂಟ್ ಮೂಟೆ, ವಿಸ್ಕಿ, ಔಷಧದ ಆಂಪೂಲು. ಈ ಸಿನಿಮಾಗೆ ಆಧಾರವಾದ ಪೀಟರ್ ಬೆಂಚ್ಲಿ ಕಾದಂಬರಿಗೆ ಅದೇ ಮೂಲ. ಸಿಮೆಂಟ್ ಮೂಟೆಗಳು ಇವತ್ತಿಗೂ ಕಲ್ಲಾಗಿ ಸಾಲಾಗಿ ಬಿದ್ದಿವೆ. ಪಕ್ಕದಲ್ಲೇ 1863ರಲ್ಲಿ ಮುಳುಗಿದ ‘ಮೊಂಟಾನಾ’ ಅನ್ನೋ ಇನ್ನೊಂದು ಹಡಗು. ಒಂದು ಹಡಗಿನ ಮೇಲೆ ಇನ್ನೊಂದು ಅಂತ ಕತೆಯಲ್ಲಿ ಬರುತ್ತಲ್ಲ, ಅದು ಗಾಳಿಯಲ್ಲಿ ಹುಟ್ಟಿದ್ದಲ್ಲ.

ಆಂಪೂಲಿನ ತುದಿಯನ್ನ ಬೆಂಕಿಯಲ್ಲಿ ಕರಗಿಸಿ ಮುಚ್ಚಿರ್ತಾರೆ, ರಬ್ಬರ್ ಬಿರಡೆ ಇರಲ್ಲ. ನೀರಿನ ಒತ್ತಡ ಸುತ್ತಲಿಂದ ಸಮನಾಗಿ ಒತ್ತುತ್ತೆ, ಗಾಜು ಅಂಥ ಒತ್ತಡಕ್ಕೆ ಬಲ, ಎಳೆತಕ್ಕೆ ದುರ್ಬಲ. ಅದೇ ಬಿರಡೆಯ ಶೀಶೆಯಾಗಿದ್ರೆ ಉಪ್ಪುನೀರು ಒಳಗೆ ನುಸುಳಿರ್ತಿತ್ತು.

ಗಿರೀಶ: ಅಂದ್ರೆ ಒಳಗಿನ ಮಾರ್ಫಿನ್ ಕೆಲಸ ಮಾಡುತ್ತೆ ಅಂತೀಯಾ?

ಮಂಜುಳಾ: ಅಲ್ಲಿ ಸಿನಿಮಾ ಸ್ವಲ್ಪ ಧಾರಾಳ. ಮಾರ್ಫಿನ್ ದ್ರಾವಣಕ್ಕೆ ಆಮ್ಲಜನಕ, ಬೆಳಕು, ಕ್ಷಾರತೆ ಆಗಲ್ಲ. ಉತ್ಕರ್ಷಣ ಆಗಿ ಸ್ಯೂಡೋಮಾರ್ಫಿನ್ ಆಗುತ್ತೆ, ನೀರಿನಂತಿದ್ದದ್ದು ಹಳದಿ, ಆಮೇಲೆ ಕಂದು. ಮರಳಡಿಯ ಕತ್ತಲಲ್ಲಿ ನಿಧಾನ ಆಗುತ್ತೆ, ನಿಲ್ಲಲ್ಲ. ಮುಚ್ಚುವಾಗ ಒಳಗೆ ಉಳಿದ ಗಾಳಿಯೇ ಸಾಕು. ಎರಡು ಆಂಪೂಲು ಬೆಳಕಿಗೆ ಹಿಡಿದ್ರೆ ಒಂದು ತಿಳಿ, ಒಂದು ಚಹಾ ಡಿಕಾಕ್ಷನ್ ಬಣ್ಣ ಇರಬಹುದು. ಸಾವಿರಾರು ಆಂಪೂಲೂ ಒಂದೇ ಸಮ ಅಂತ ವ್ಯಾಪಾರ ಕುದುರಿಸೋನು ಮೂರ್ಖ.

ವೆಂಕಟೇಶ: ಮತ್ತೆ ಆಂಪೂಲನ್ನ ಏರ್‌ಲಿಫ್ಟಲ್ಲಿ ಎಳೆದ್ರೆ ಪೈಪಿನ ಮೊದಲ ಬಾಗಿನಲ್ಲೇ ಪುಡಿ. ಮರಳು ಸರಿಸೋಕೆ ಪೈಪು, ಎತ್ತೋಕೆ ಕೈ ಮತ್ತು ಬಲೆ ಚೀಲ.

ಶ್ರೀಕಂಠ: ಎಲ್ಲರೂ ಪೈಪು ಸಿಲಿಂಡರ್ ಅಂತಿದ್ದೀರಿ. ಆ ಸಿನಿಮಾದಲ್ಲಿ ನನಗೆ ಹಿಡಿಸಿದ್ದು ರಾಬರ್ಟ್ ಶಾ ಮಾಡಿದ ಟ್ರೀಸ್ ಪಾತ್ರದ ಹಟ. ಒಡವೆ ಸಿಕ್ಕಿದ್ರೆ ಸಾಲದು, ಅದು ಯಾರದ್ದು ಅಂತ ಕಾಗದ ಬೇಕು ಅಂತಾನೆ. 1714ರಲ್ಲಿ ಸ್ಪೇನಿನ ಐದನೇ ಫಿಲಿಪ್ ಎಲಿಸಬೆಟ್ಟಾ ಫಾರ್ನೀಸೆಯನ್ನ ಮದುವೆಯಾದ, 1715ರ ಜುಲೈ ಕೊನೆಯಲ್ಲಿ ಅಮೆರಿಕದಿಂದ ಹೊರಟ ಅವನ ಹಡಗುದಂಡು ಫ್ಲೋರಿಡಾ ತೀರದಲ್ಲಿ ಬಿರುಗಾಳಿಗೆ ನಾಶವಾಯ್ತು. ಕಾದಂಬರಿಯ ಒಡವೆ ಆ ಹಡಗುದಂಡಿನ ಜೊತೆ ಈ ರಾಣಿಗೆ ಅಂತ ಹೊರಟದ್ದು. ಮೂಲ ಸಾಬೀತಾಗದಿದ್ರೆ ರಾಣಿಯ ಹಾರಕ್ಕೂ ಅಕ್ಕಸಾಲಿಗನ ತಕ್ಕಡಿಯ ಬೆಲೆಯೇ.

ಗಿರೀಶ: ಅದು ಕತೆಗಾರನ ನಾಟಕ ಅಲ್ವಾ?

ಶ್ರೀಕಂಠ: ಇಲ್ಲಪ್ಪ. 1622ರಲ್ಲಿ ಮುಳುಗಿದ ‘ಅಟೋಚಾ’ ಅನ್ನೋ ಸ್ಪೇನಿನ ನಿಧಿ ಹಡಗನ್ನ ಗುರುತು ಹಿಡಿದದ್ದು ಹಾಗೇ. 1973ರಲ್ಲಿ ಸಿಕ್ಕ ಬೆಳ್ಳಿ ಗಟ್ಟಿಗಳ ಮೇಲಿನ ಸಂಖ್ಯೆಯನ್ನ ಸೆವಿಲ್ಲಾದ ದಾಖಲೆಯಲ್ಲಿದ್ದ ಸರಕುಪಟ್ಟಿಗೆ ತಾಳೆ ನೋಡಿದ್ರು. ಮುಖ್ಯ ರಾಶಿ ಸಿಕ್ಕಿದ್ದು 1985ರ ಜುಲೈ 20ಕ್ಕೆ.

ಪದ್ಮ: ಮತ್ತೆ ನಾಣ್ಯ ಎತ್ತಿದ ಕೂಡಲೇ ಹೆಬ್ಬೆರಳಲ್ಲಿ ಒರೆಸಿದ್ರೆ ಫಳಫಳ ಅನ್ನುತ್ತಲ್ಲ ಸಿನಿಮಾಗಳಲ್ಲಿ?

ಶ್ರೀಕಂಠ: ಚಿನ್ನ ಹೊಳೆಯುತ್ತೆ, ಅದಕ್ಕೆ ಉಪ್ಪುನೀರು ಏನೂ ಮಾಡಲ್ಲ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳು ಅಲುಗಿದ ಹಾಗೆಲ್ಲ ಕೆಳಗಿಳಿದು ಗಟ್ಟಿ ತಳದಲ್ಲಿ ಕೂರುತ್ತೆ. ಆದ್ದರಿಂದ ಮೇಲ್ಪದರದಲ್ಲಿ ಹುಡುಕೋದು ವ್ಯರ್ಥ. ಬೆಳ್ಳಿ ಬೇರೆ. ಸಲ್ಫೈಡ್ ಆಗಿ ಕಪ್ಪು ಬಿಸ್ಕತ್ತಿನಂಥ ಉಂಡೆ, ನಾಣ್ಯಗಳು ಒಂದಕ್ಕೊಂದು ಅಂಟಿರುತ್ತವೆ. ಒರೆಸಿದ್ರೆ ಮಸಿ. ಒಣಗೋಕೆ ಬಿಡಬಾರದು, ತಕ್ಷಣ ನೀರಲ್ಲೇ ಇಡಬೇಕು. ಆಮೇಲೆ ಕಪ್ಪು ಬಿಡಿಸೋಕೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನಾಣ್ಯಕ್ಕೆ ಋಣ ತಂತಿ, ಸ್ಟೇನ್‌ಲೆಸ್ ಸ್ಟೀಲ್ ತಗಡಿಗೆ ಧನ ತಂತಿ, ಕಡಿಮೆ ಕರೆಂಟು. ಕರೆಂಟು ಜಾಸ್ತಿ ಮಾಡಿ ಅವಸರಪಟ್ರೆ ಗುಳ್ಳೆ ಎದ್ದು ಮೇಲಿನ ಮುದ್ರೆಯೇ ಉದುರುತ್ತೆ.

ಕಬ್ಬಿಣದ ಫಿರಂಗಿಯನ್ನ ಉಪ್ಪು ಬಿಡೋ ತನಕ ವರ್ಷಗಟ್ಟಲೆ ನೆನೆಸಬೇಕು. ನೆನೆಸಿದ ನೀರನ್ನ ಸ್ವಲ್ಪ ತೆಗೆದು ನೈಟ್ರಿಕ್ ಆಮ್ಲ, ಸಿಲ್ವರ್ ನೈಟ್ರೇಟ್ ಎರಡು ಹನಿ ಹಾಕು. ಹಾಲಿನ ಥರ ಬೆಳ್ಳಗಾದ್ರೆ ಕ್ಲೋರೈಡ್, ಅಂದ್ರೆ ಉಪ್ಪಿನ ಅಂಶ, ಇನ್ನೂ ಇದೆ, ನೀರು ಬದಲಾಯಿಸು.

ರಫೀಕ್: ಟ್ರೀಸ್ ಪಾತ್ರಕ್ಕೆ ಮೂಲ ಬರ್ಮುಡಾದ ಟೆಡ್ಡಿ ಟಕರ್. 1955ರಲ್ಲಿ ‘ಸ್ಯಾನ್ ಪೆಡ್ರೋ’ ಅನ್ನೋ ಹಡಗಿಂದ ಏಳು ಪಚ್ಚೆ ಕೂರಿಸಿದ ಚಿನ್ನದ ಶಿಲುಬೆ ಎತ್ತಿದ್ದ. 1975ರಲ್ಲಿ ಎಲಿಜಬೆತ್ ರಾಣಿ ಬಂದಾಗ ತೋರಿಸೋಕೆ ಹೊರಟ್ರೆ, ಇದ್ದದ್ದು ನಕಲಿ! ಅಸಲಿ ಯಾವಾಗಲೋ ಮಾಯವಾಗಿತ್ತು.

ಗಿರೀಶ: ಅದನ್ನೇ ಸಿನಿಮಾ ಮಾಡಬೇಕಿತ್ತು!! ಸರಿ ಸರಿ, ಒಕ್ಕಣೆ ತಿದ್ದುತ್ತೀನಿ. ‘ಹಡಗಿನ ಹೊರಗು ನಿಜ, ಒಳಗು ಟ್ಯಾಂಕು, ಪೈಪು ನಿಜ, ಹಾವುಮೀನು ಯಂತ್ರ, ಆಂಪೂಲು ನಿಜ, ಔಷಧ ಅನುಮಾನ.’ ನಡೆಯುತ್ತಾ?

ಮಂಜುಳಾ: ನಡೆಯುತ್ತೆ. ಹಳೇದನ್ನ ಅಳಿಸು.

ಗಿರೀಶ: ಇಲ್ಲಿ ಅಳಿಸ್ದೆ. ಆದರೆ ಗುರುವಾರವೇ ನಮ್ಮ ಮನೆ ಗುಂಪು, ಅಪಾರ್ಟ್‌ಮೆಂಟ್ ಗುಂಪು, ವಾಕಿಂಗ್ ಗುಂಪು ಮೂರಕ್ಕೂ ಹೋಗಿದೆ. ಅಲ್ಲಿ ಈಗ ಡಿಲೀಟ್ ಆಪ್ಷನ್ನೇ ಬರ್ತಿಲ್ಲ 😐

ಪದ್ಮ: ನಮ್ಮ ಅಕ್ಕ ಈಗ ತಾನೇ ನನಗೆ ಕಳಿಸಿದ್ಲು. ‘ಫಾರ್ವರ್ಡೆಡ್ ಮೆನಿ ಟೈಮ್ಸ್’ ಅಂತಿದೆ.