ಇನ್ನೊಂದು ಗುಳಿಗೆ ಬೇಕಾ? ಸ್ಟಾಟಿನ್ ತಗೊಂಡವರು, ಬಿಟ್ಟವರು ಹೇಳಿ

ಸಿಂಧನೂರು ತಮ್ಮ:
ವಯಸ್ಸು 46. ಎಚ್‌ಐವಿ ಇದೆ. ಹನ್ನೊಂದು ವರ್ಷದಿಂದ ಅದರ ಔಷಧಿ ಎಆರ್‌ಟಿ, ಈಗ ಟಿಎಲ್‌ಡಿ, ಅಂದ್ರೆ ಮೂರು ಔಷಧಿ ಸೇರಿದ ಒಂದೇ ಗುಳಿಗೆ. ವೈರಲ್ ಲೋಡ್, ಅಂದ್ರೆ ರಕ್ತದಲ್ಲಿನ ವೈರಸ್ ಪ್ರಮಾಣ, ಕಾಣಿಸ್ತಿಲ್ಲ. ಬಿಪಿ ಸ್ವಲ್ಪ ಇದೆ, ಕೊಲೆಸ್ಟ್ರಾಲ್ ಜಾಸ್ತಿ ಇಲ್ಲ. ಆದ್ರೂ ಡಾಕ್ಟರು ಹಾರ್ಟಿಗೆ ಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಗುಳಿಗೆ) ಶುರು ಮಾಡಿ ಅಂತಾರೆ. ಏನು ಮಾಡಲಿ?

ಬಳ್ಳಾರಿ ಅಣ್ಣ:
ನನ್ನ ಕಥೆ ಕೇಳಪ್ಪ. ಎರಡು ವರ್ಷದ ಹಿಂದೆ, ಸಂಜೆ ಮಂಡಕ್ಕಿ ಮಿರ್ಚಿ ತಿಂದು ಬಂದೆ. ಎದೆ ಹಿಡಿದುಕೊಂಡಿತು. ಗ್ಯಾಸ್ ಅಂದುಕೊಂಡು ಸೋಡಾ ಕುಡಿದೆ, ಅಜವಾನ ಅಗಿದೆ. ಎಡಗೈ ಜೋಮು ಹಿಡಿಯುವಷ್ಟರಲ್ಲಿ ರಾತ್ರಿ ಹನ್ನೊಂದು. ಒಂದು ಸ್ಟೆಂಟ್, ಮೂರು ದಿನ ಐಸಿಯು, ಬಿಲ್ 1,84,600. ಮನೆಯವಳ ಅವಲಕ್ಕಿ ಸರ ಇನ್ನೂ ಅಡವಿನಲ್ಲೇ ಇದೆ.
ಅಲ್ಲಿಗೆ ಮುಗಿಯಲಿಲ್ಲ. ನಾನು ಎಆರ್‌ಟಿಯ ಎರಡನೇ ಲೈನ್‌ನಲ್ಲಿದ್ದೆ (ಮೊದಲಿನ ಔಷಧಿ ಕೆಲಸ ಮಾಡದಿದ್ದಾಗ ಕೊಡೋದು), ಅಟಾಜನಾವಿರ್ ಜೊತೆ ರಿಟೊನಾವಿರ್. ಯಾವ ಗುಳಿಗೆ ಅಂತ ಆಸ್ಪತ್ರೆಯವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಅಟೊರ್ವಾಸ್ಟಾಟಿನ್ 80 ಬರೆದುಕೊಟ್ಟರು. ರಿಟೊನಾವಿರ್ ಇದ್ದರೆ ಅದು ರಕ್ತದಲ್ಲಿ ಏರುತ್ತೆ. ಇಪ್ಪತ್ತು ದಿನಕ್ಕೆ ತೊಡೆ ಎಷ್ಟು ನೋವು ಅಂದ್ರೆ, ಸಂಡಾಸಿನಲ್ಲಿ ಕೂತವನು ಗೋಡೆ ಹಿಡಿದೇ ಏಳಬೇಕು. ಎಆರ್‌ಟಿ ಡಾಕ್ಟರು ಚೀಟಿ ನೋಡಿ ಹಣೆ ಚಚ್ಚಿಕೊಂಡರು, 10ಕ್ಕೆ ಇಳಿಸಿದರು.

ಕೊಪ್ಪಳದಕ್ಕ:
ಅದಕ್ಕೇ ಎರಡೂ ಚೀಟಿ ಒಟ್ಟಿಗೆ ಇಟ್ಕೊಂಡು ಹೋಗ್ಬೇಕು. ನಾನು ಎರಡು ವರ್ಷದಿಂದ ರೊಸುವಾಸ್ಟಾಟಿನ್ 10 ತಗೋತಿದ್ದೀನಿ. ಒಂದು ದಿನ ತಪ್ಪಿಸಿಲ್ಲ, ಒಂದು ನೋವಿಲ್ಲ. ನನಗೂ ಕೊಲೆಸ್ಟ್ರಾಲ್ ಇರಲಿಲ್ಲ. ವೈರಸ್ ಮಲಗಿದ್ರೂ ಒಳಗೆ ಸಣ್ಣಗೆ ಉರಿಯೂತ ಇದ್ದೇ ಇರುತ್ತೆ, ರಕ್ತನಾಳ ಕೆಡುತ್ತೆ. 2023ರಲ್ಲಿ ರಿಪ್ರೀವ್ ಅಧ್ಯಯನ ಬಂತಲ್ಲ? ನಮ್ಮಂಥವರೇ 7,769 ಜನ, 40ರಿಂದ 75 ವಯಸ್ಸಿನವರು, ಭಾರತದವರೂ ಇದ್ದರು. ಪಿಟಾವಾಸ್ಟಾಟಿನ್ 4 ತಗೊಂಡವರಲ್ಲಿ ಹಾರ್ಟ್ ಅಟ್ಯಾಕ್, ಲಕ್ವದಂಥವು ಸುಮಾರು ಮೂರನೇ ಒಂದು ಭಾಗ ಕಡಿಮೆ.

ರಾಯಚೂರು ಬಿಸಿಲು:
ಓದಿದವರ ಮಾತು ಬಿಡಿ ಅಕ್ಕಾ. ನಾನು ಸ್ಟಾಟಿನ್ ಮೂರೇ ತಿಂಗಳಿಗೆ ಬಿಟ್ಟೆ. ಉಪವಾಸದ ಶುಗರ್ 104 ಇದ್ದದ್ದು 118. ಈಗ ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೀತೀನಿ, ಬೀಡಿ ಬಿಟ್ಟೆ. ಆರಾಮ್ ಇದ್ದೀನಿ.

ಕೊಪ್ಪಳದಕ್ಕ:
ಟಿಎಲ್‌ಡಿಗೆ ಬಂದ ಮೇಲೆ 61 ಕೆಜಿಯಿಂದ 72 ಆದೆ ಅಂತ ಹೋದ ತಿಂಗಳು ನೀವೇ ಬರೆದಿದ್ರಿ. ಶುಗರ್ ಏರಿಸಿದ್ದು ಗುಳಿಗೆನಾ, ಹೊಟ್ಟೆನಾ? ಆ ಅಧ್ಯಯನದಲ್ಲೂ ಶುಗರ್ ಕಾಯಿಲೆ ಸ್ವಲ್ಪ ಜಾಸ್ತಿ ಬಂತು, ನಿಜ. ಅದಕ್ಕೆ ಹೇಳದೆ ಕೇಳದೆ ಬಿಡೋದಾ?

ರಾಯಚೂರು ಬಿಸಿಲು:
ನನ್ನ ಹೊಟ್ಟೆ ಸುದ್ದಿ ನಿಮಗ್ಯಾಕೆ? ಅಣ್ಣಾವ್ರನ್ನ ಕೇಳಿ. ಸ್ಟೆಂಟ್ ಬೆಲೆಗೆ ಸರ್ಕಾರ 2017ರಲ್ಲೇ ಮಿತಿ ಹಾಕಿದೆ. 1,84,600 ಹೆಂಗಾಯ್ತು? ಬಿಪಿಎಲ್ ಕಾರ್ಡ್ ಇರಲಿಲ್ವಾ?

ಬಳ್ಳಾರಿ ಅಣ್ಣ:
ಮಿತಿ ಸ್ಟೆಂಟಿಗೆ ಮಾತ್ರ ತಮ್ಮಾ! ಬಲೂನು ಬೇರೆ, ವೈರು ಬೇರೆ, ಐಸಿಯು ಬೇರೆ. ಕೈಗವಸಿಗೇ 2,300 ಹಾಕಿದ್ದಾರೆ. ಕಾರ್ಡ್ ಹೆಂಡತಿ ತವರಲ್ಲಿತ್ತು. ಎದೆ ಹಿಡ್ಕೊಂಡು ಸಿರುಗುಪ್ಪಕ್ಕೆ ಹೋಗಿ ತರಲಾ?

ಸಿಂಧನೂರು ತಮ್ಮ:
ಶುಕ್ರವಾರ ಎಆರ್‌ಟಿ ಸೆಂಟರಿಗೆ ಹೋಗ್ಬೇಕು. ಹೇಳೋದು ಮರೆತೆ, ದಿನಕ್ಕೆ ಒಂದು ಕಟ್ಟು ಬೀಡಿ ಸೇದ್ತೀನಿ. ಅಪ್ಪನೂ 52ಕ್ಕೆ ಹಾರ್ಟಲ್ಲೇ ಹೋಗಿದ್ದು.

ಬಳ್ಳಾರಿ ಅಣ್ಣ:
ಬಿಸಿಲು, ಇರು. ಬಿಲ್ ಹುಡುಕಿ ಫೋಟೊ ಹಾಕ್ತೀನಿ. ಕೈಗವಸಿನ ಸಾಲು ನೀನೇ ಓದು.