ಅಪ್‌ಡೇಟ್: ಸಗಣಿ ತೊಟ್ಟಿಯ ಗೋಡೆಗೆ ಕೊನೆಗೂ ಲೇಪನ ಹಾಕಿಸಿದೆವು

ಸಗಣಿ ತೊಟ್ಟಿಯ ಕಾಂಕ್ರೀಟ್ ಉದುರುತ್ತಿದೆ, ಸಿಮೆಂಟ್ ಗಾರೆ ಮೆತ್ತಿದರೆ ಸಾಕೇ ಎಂದು ಕೇಳಿದ್ದೆ. ಸಾಲದು ಎಂದು ತಡೆದವರಿಗೆ ಮನಸಾರೆ ಧನ್ಯವಾದ.

ತೊಟ್ಟಿ ಖಾಲಿಯಾದಾಗ ಕಂಡದ್ದು ನನ್ನ ಊಹೆಗೆ ತದ್ವಿರುದ್ಧ. ಸದಾ ರಾಡಿಯಲ್ಲಿ ಮುಳುಗಿದ್ದ ಭಾಗ ಗಟ್ಟಿಯಾಗಿತ್ತು. ಅದರ ಮೇಲಿನ ಪಟ್ಟಿ ಮಾತ್ರ ಬಿಳಿ ಹಿಟ್ಟಾಗಿ, ಉಗುರಿನಿಂದ ಕೆರೆದರೂ ಉದುರುತ್ತಿತ್ತು. ರಾಡಿಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಒದ್ದೆ ಗೋಡೆಯ ಬ್ಯಾಕ್ಟೀರಿಯಾಗಳು ಗಂಧಕಾಮ್ಲವಾಗಿಸುತ್ತವೆ. ಅದು ಸಿಮೆಂಟನ್ನು ತಿಂದು ಮೆತ್ತಗಿನ ಜಿಪ್ಸಂ ಉಳಿಸುತ್ತದೆ. ಬರಿಯ ಗಾರೆಗೂ ಅದೇ ಗತಿಯಾಗುತ್ತಿತ್ತು.

ಸಡಿಲ ಪದರ ಕೆತ್ತಿ, ತೊಳೆದು, ಗಾರೆಯಿಂದ ಸಮ ಮಾಡಿ 28 ದಿನ ಬಿಟ್ಟೆವು. ಆಮೇಲೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಅಂಟಿಸಿ ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ಅದರೊಳಗೆ ನೀರ ಹನಿ! ಅಂದರೆ ಗೋಡೆ ಇನ್ನೂ ಒಣಗಿರಲಿಲ್ಲ. ತೇವದ ಮೇಲೆ ಬಳಿದ ಎಪಾಕ್ಸಿ (ಗಾರೆಯ ಮೇಲೆ ಹಾಕಲಿದ್ದ ರಾಳದ ಲೇಪನ) ಗುಳ್ಳೆಯೆದ್ದು ಕಿತ್ತು ಬರುತ್ತದೆ. ಇನ್ನೂ ಒಂದು ವಾರ ಕಾದು, ಹಾಳೆ ಒಣಗಿ ಬಂದ ಮೇಲೆಯೇ ಎರಡು ಕೋಟ್ ಹಾಕಿಸಿದೆವು.

ದಯವಿಟ್ಟು ಖಾಲಿ ತೊಟ್ಟಿಗೆ ಹಾಗೆಯೇ ಇಳಿಯಬೇಡಿ. ತಳದ ಗಸಿ ಕಲಕಿದರೂ ವಿಷಾನಿಲ ಏಳುತ್ತದೆ, ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ನಾವು ಗಾಳಿಯಂತ್ರ, ಅನಿಲ ಮಾಪಕ ಇಟ್ಟುಕೊಂಡೇ ಕೆಲಸ ಮಾಡಿಸಿದೆವು.

ಮುಂದಿನ ಸಲ ಖಾಲಿ ಮಾಡಿದಾಗ ಮೂಲೆಯ ಸಂದುಗಳನ್ನು ನೋಡಿ ತಿಳಿಸುತ್ತೇನೆ.